ಊರಾಚೆಯ ಪಿ.ಜಿ. ಸೆಂಟರ್

ಕರ್ನಾಟಕದಲ್ಲಿ ಇವತ್ತು ವಿಶ್ವವಿದ್ಯಾಲಯ ಎಂದು ಕಮಾನು ಕಟ್ಟಿಕೊಂಡಿರುವ ಎಷ್ಟೋ ಕ್ಯಾಂಪಸ್ಸುಗಳು ಒಂದು ಕಾಲಕ್ಕೆ ಇನ್ನೊಂದು ವಿಶ್ವವಿದ್ಯಾಲಯದ ಪಿ.ಜಿ. ಸೆಂಟರ್ ಆಗಿದ್ದವು. ಮಂಗಳೂರಿನ ಕೊಣಾಜೆ ಮೈಸೂರಿನದು. ಕಲಬುರಗಿ ಧಾರವಾಡದ್ದು. ರಾಯಚೂರಿನ ಯರಗೇರಾ ಕಲಬುರಗಿಯದು. ದಾವಣಗೆರೆಯ ತೋಳಹುಣಸೆಯಂತೂ ಮೊದಲು ಮೈಸೂರಿಗೆ ಸೇರಿತ್ತು, ಆಮೇಲೆ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಯಿತು, ಕೊನೆಗೆ ಸ್ವತಂತ್ರವಾಯಿತು. ಕಾಗದದಲ್ಲಿ ಇಂಥ ಕ್ಯಾಂಪಸ್ಸಿನ ಹೆಸರು ಸ್ನಾತಕೋತ್ತರ ಕೇಂದ್ರ. ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದು ‘ಪಿ.ಜಿ. ಸೆಂಟರ್ ಯಾರ್ರೀ ಇಳಿಯೋರು’ ಅಂತಲೇ. ಈ ಕೇಂದ್ರಗಳ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಮಾತು ಹೆಸರು, ಸ್ಥಾನಮಾನ, ಜಿಲ್ಲೆಯ ಹೆಮ್ಮೆಯ ಸುತ್ತ ಸುತ್ತುತ್ತದೆ. ಅಲ್ಲಿ ಯಾರು ಓದುತ್ತಾರೆ, ಎಷ್ಟು ಚೆನ್ನಾಗಿ ಓದುತ್ತಾರೆ ಎಂಬುದನ್ನು ತೀರ್ಮಾನಿಸುವುದು ಮಾತ್ರ ಬೇರೆ ಮೂರು ಸಂಗತಿ: ಬಸ್ಸು, ಹಾಸ್ಟೆಲು, ಮಂಜೂರಾದ ಹುದ್ದೆ.

ಮೊದಲು ಸ್ವಲ್ಪ ಚರಿತ್ರೆ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳಿಗೆ ಮಾನಸಗಂಗೋತ್ರಿ ಎಂಬ ಸ್ವಂತ ಅಂಗಳ ಸಿಕ್ಕಿದ್ದು 1960ರಲ್ಲಿ, ಕುವೆಂಪು ಅವರ ಕಾಲದಲ್ಲಿ. ಹೆಸರಿಟ್ಟವರೂ ಅವರೇ. ಅಲ್ಲಿಂದಾಚೆ ಮೈಸೂರು ತನ್ನ ಕೇಂದ್ರಗಳಿಗೆ ಅದೇ ಮನೆತನದ ಹೆಸರು ಕೊಡುತ್ತ ಹೋಯಿತು: ಕೊಣಾಜೆಯಲ್ಲಿ ಮಂಗಳಗಂಗೋತ್ರಿ, ತೋಳಹುಣಸೆಯಲ್ಲಿ ಶಿವಗಂಗೋತ್ರಿ, ಹಾಸನದಲ್ಲಿ ಹೇಮಗಂಗೋತ್ರಿ, ಚಾಮರಾಜನಗರದಲ್ಲಿ ಸುವರ್ಣಗಂಗೋತ್ರಿ. ಹೆಸರಿನ ಬಾಲ ನೋಡಿದರೆ ಸಾಕು, ತವರು ಯಾವುದೆಂದು ತಿಳಿಯುತ್ತದೆ.

ಕೊಣಾಜೆಯ ಕೇಂದ್ರ ಶುರುವಾಗಿದ್ದು 1968ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯ ಕಲಬುರಗಿಯಲ್ಲಿ ತನ್ನ ಕೇಂದ್ರ ತೆರೆದಿದ್ದು 1970ರಲ್ಲಿ. 1980ರಲ್ಲಿ ಇವೆರಡೂ ಮಂಗಳೂರು ಮತ್ತು ಗುಲ್ಬರ್ಗ ವಿಶ್ವವಿದ್ಯಾಲಯಗಳಾದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು. ಅದು ನೆಲೆನಿಂತಿದ್ದು ಭದ್ರಾ ಯೋಜನೆಯ ಬಿ.ಆರ್. ಪ್ರಾಜೆಕ್ಟಿಗೆ ಹತ್ತಿಕೊಂಡಂತಿರುವ ಶಂಕರಘಟ್ಟದಲ್ಲಿ, ಶಿವಮೊಗ್ಗದಿಂದ ಸುಮಾರು 28 ಕಿ.ಮೀ. ದೂರದಲ್ಲಿ. 2004ರಲ್ಲಿ ತುಮಕೂರು, 2009ರಲ್ಲಿ ದಾವಣಗೆರೆ, 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ಮತ್ತು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಗಳು ಆದವು. 1968ರಿಂದ 1980 ಅಂದರೆ ಕೊಣಾಜೆಗೆ ಹನ್ನೆರಡು ವರ್ಷ ಸಿಕ್ಕಿತ್ತು. ಹುದ್ದೆ ತುಂಬಲು, ಲ್ಯಾಬು ಕಟ್ಟಲು, ಗ್ರಂಥಾಲಯಕ್ಕೆ ಪುಸ್ತಕ ಹೊಂದಿಸಲು ಬಿಡುವಿತ್ತು. ಈಚಿನ ಹಲವು ಕೇಂದ್ರಗಳಿಗೆ ಆ ಬಿಡುವು ಸಿಗಲಿಲ್ಲ ಎಂಬುದನ್ನು ಇಲ್ಲೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇವೆಲ್ಲ ಊರ ಹೊರಗೇ ಏಕೆ? ಉತ್ತರ ಸರಳ, ಜಮೀನು. ಪೇಟೆ ನಡುವಿನ ಹಳೆ ಕಾಲೇಜುಗಳ ಅಂಗಳದಲ್ಲಿ ಇನ್ನೊಂದು ಕಟ್ಟಡಕ್ಕೂ ಜಾಗವಿರುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಬೇಕಾದ ನೂರಾರು ಎಕರೆ ಒಂದೇ ಕಡೆ ಸಿಗುವುದು ಗೋಮಾಳದಲ್ಲಿ, ಯೋಜನಾ ಪ್ರದೇಶದಲ್ಲಿ, ಇಲ್ಲವೇ ಬರಡು ಗುಡ್ಡದಲ್ಲಿ. ಹಾಗಾಗಿ ಕಂದಾಯ ಇಲಾಖೆ ಎಲ್ಲಿ ಪಹಣಿ ತೋರಿಸಿತೋ ಅಲ್ಲೇ ವಿದ್ಯೆ. ಬೀದರಿನ ಕೇಂದ್ರ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಗೆ ಹೋಯಿತು, ಹಾವೇರಿಯದು ಕೆರಿಮತ್ತಿಹಳ್ಳಿಗೆ, ಕೊಡಗಿನದು ಚಿಕ್ಕ ಅಳುವಾರಕ್ಕೆ, ಬೆಳಗಾವಿಯದು ಹೆದ್ದಾರಿ ಬದಿಯ ಭೂತರಾಮನಹಟ್ಟಿಗೆ. ತುಮಕೂರು ವಿಶ್ವವಿದ್ಯಾಲಯ ಊರ ನಡುವಿನ ಹಳೆ ಕಾಲೇಜು ಕಟ್ಟಡಗಳಲ್ಲಿ ವರ್ಷಗಟ್ಟಲೆ ನಡೆದು, ಈಗ ಬಿದರಕಟ್ಟೆಯ ಕಡೆ ಮುಖ ಮಾಡಿದೆ.

ಇದಕ್ಕೆಲ್ಲ ದೊಡ್ಡಣ್ಣ ಬೆಂಗಳೂರಿನ ಜ್ಞಾನಭಾರತಿ. 1964ರಲ್ಲಿ ಸೆಂಟ್ರಲ್ ಕಾಲೇಜಿನ ಅಂಗಳದಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ 1973ರಲ್ಲಿ ಮೈಸೂರು ರಸ್ತೆಯ ಕಡೆಯ ಸಾವಿರಕ್ಕೂ ಹೆಚ್ಚು ಎಕರೆಗೆ ಹೋದಾಗ ಅದು ಅಪ್ಪಟ ಊರಾಚೆ. ಈಗ ನಾಗರಭಾವಿ, ಕೆಂಗೇರಿ, ಉಲ್ಲಾಳ ಸುತ್ತುವರಿದಿವೆ. 2021ರ ಆಗಸ್ಟ್ ಕೊನೆಯಿಂದ ಮೆಟ್ರೊ ಬಂದಿದೆ, ಜ್ಞಾನಭಾರತಿ ಹೆಸರಿನ ನಿಲ್ದಾಣವೂ ಇದೆ. ಆದರೆ ನಗರ ಬಂದು ಮುಟ್ಟಿದಾಗ ಬೇರೊಂದು ಸಮಸ್ಯೆ ಶುರುವಾಗುತ್ತದೆ. ಕ್ಯಾಂಪಸ್ಸಿನ ಒಳರಸ್ತೆಯೇ ಬಡಾವಣೆಯಿಂದ ಬಡಾವಣೆಗೆ ಅಡ್ಡದಾರಿಯಾಯಿತು. 2022ರ ಅಕ್ಟೋಬರಿನಲ್ಲಿ ಆ ರಸ್ತೆಯಲ್ಲೇ ವಿದ್ಯಾರ್ಥಿನಿಯೊಬ್ಬಳು ಬಸ್ಸಿಗೆ ಸಿಕ್ಕಿದ ಮೇಲೆ, ಹೊರಗಿನ ವಾಹನ ಒಳಗೆ ಬಿಡಬೇಡಿ ಎಂದು ವಿದ್ಯಾರ್ಥಿಗಳು ಧರಣಿ ಕೂತರು. ದೂರ ಇದ್ದಾಗ ಬಸ್ಸಿಲ್ಲ ಎಂಬ ದೂರು, ಹತ್ತಿರವಾದಾಗ ಬಸ್ಸೇ ದೂರು. ಕಾಂಪೌಂಡು, ಗೇಟು, ಬಳಸುದಾರಿ ಈ ಮೂರನ್ನೂ ಜಮೀನು ಕೈಗೆ ಬಂದ ದಿನವೇ ನಕ್ಷೆಯಲ್ಲಿ ಗುರುತಿಸದಿದ್ದರೆ ಆಮೇಲೆ ಮುಚ್ಚುವುದು ಕಷ್ಟ. ಇಪ್ಪತ್ತು ವರ್ಷ ಓಡಾಡಿದ ದಾರಿಯನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಇನ್ನು ವಿದ್ಯಾರ್ಥಿಗಳು. ಕೇಂದ್ರಕ್ಕೆ ಯಾರು ಬರುತ್ತಾರೆ ಎಂದು ತಿಳಿಯಬೇಕಾದರೆ ಪ್ರವೇಶ ಪಟ್ಟಿಗಿಂತ ಬಸ್ಸಿನ ವೇಳಾಪಟ್ಟಿ ನೋಡುವುದು ವಾಸಿ. ಬೆಳಿಗ್ಗೆ ಆರೂವರೆಗೆ ಹಳ್ಳಿ ಬಿಟ್ಟು, ತಾಲ್ಲೂಕಿನಲ್ಲಿ ಬಸ್ಸು ಬದಲಿಸಿ, ಹತ್ತಕ್ಕೆ ತರಗತಿಗೆ ಕೂತು, ಸಂಜೆ ಕತ್ತಲಾಗುವ ಮುಂಚೆ ಮನೆ ಸೇರಲು ಆಗುವಷ್ಟು ಸುತ್ತಳತೆ ಇದೆಯಲ್ಲ, ಅದೇ ಆ ಕೇಂದ್ರದ ನಿಜವಾದ ವ್ಯಾಪ್ತಿ. ಅದರೊಳಗಿನ ಪದವಿ ಮುಗಿಸಿದ ಹುಡುಗಿಯರೇ ತರಗತಿಯ ದೊಡ್ಡ ಪಾಲು. ಹುಡುಗರಲ್ಲಿ ಅನೇಕರು ಡಿಗ್ರಿಯಾದ ಮೇಲೆ ಕೆಲಸ ಹುಡುಕಿ ಬೆಂಗಳೂರಿಗೆ ಹೋಗಿರುತ್ತಾರೆ, ಇಲ್ಲವೇ ಪೊಲೀಸ್ ನೇಮಕಾತಿಗೆ ಬೆಳಗಿನ ಜಾವ ಓಡುತ್ತಿರುತ್ತಾರೆ. ‘ಮನೆಯಿಂದ ಹೋಗಿ ಬರೋದಾದ್ರೆ ಓದು’ ಎಂಬ ಷರತ್ತಿನ ಮೇಲೆ ಮನೆಯವರು ಒಪ್ಪಿದ ಹುಡುಗಿಗೆ ಧಾರವಾಡ, ಮೈಸೂರು ಎಂಬ ಆಯ್ಕೆಯೇ ಇರುವುದಿಲ್ಲ. ಅವಳ ಮುಂದಿರುವುದು ಪಿ.ಜಿ. ಸೆಂಟರ್, ಬಿ.ಇಡಿ., ಮದುವೆ. ಕೇಂದ್ರದ ಇಡೀ ಸಮರ್ಥನೆ ಅವಳೇ. ಅದನ್ನು ಊರಿನಿಂದ ಇನ್ನೂ ಐದು ಕಿಲೋಮೀಟರು ಆಚೆ ತಳ್ಳಿದಾಗ ಮೊದಲು ತಪ್ಪಿಹೋಗುವವಳೂ ಅವಳೇ.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಈ ಲೆಕ್ಕವನ್ನು ಒಂದಿಷ್ಟು ಬದಲಿಸಿತು. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ; ವರ್ಷಕ್ಕೊಮ್ಮೆ ಪಾಸು ಮಾಡಿಸುವ ಓಡಾಟವೂ ಉಳಿಯಿತು. ಆದರೆ ಬಸ್ಸು ಸರ್ಕಾರಿಯಾಗಿರಬೇಕು. ಮಂಗಳೂರಿನ ಕಡೆ ಊರೊಳಗಿನ ಓಡಾಟ ಬಹುಪಾಲು ಖಾಸಗಿ ಬಸ್ಸುಗಳ ಕೈಯಲ್ಲಿದೆ, ಅಲ್ಲಿ ಈ ಯೋಜನೆಯ ಲಾಭ ಅಷ್ಟಕ್ಕಷ್ಟೆ. ಇನ್ನೊಂದು ಕಡೆ, ಬಸ್ಸು ಉಚಿತವಾದ ಮಾತ್ರಕ್ಕೆ ಟ್ರಿಪ್ಪು ಹೆಚ್ಚಾಗುವುದಿಲ್ಲ. ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಆರಕ್ಕೆ ಎನ್ನುವ ಕಡೆ, ಕೊನೆಯ ಪೀರಿಯಡ್ಡಿನಲ್ಲಿ ಅರ್ಧ ಬೆಂಚು ಖಾಲಿ. ಹಾಜರಾತಿ ಶೇ. 75 ಇರಬೇಕೆಂಬ ನಿಯಮ ಎಲ್ಲ ಕಡೆಯೂ ಒಂದೇ. ಅದನ್ನು ಮುಟ್ಟುವುದು ಡಿಪೋ ಮ್ಯಾನೇಜರ್ ಕೈಯಲ್ಲೂ ಇದೆ ಎಂಬುದು ನಿಯಮ ಬರೆದವರಿಗೆ ಹೊಳೆದಿರಲಿಕ್ಕಿಲ್ಲ. ವೇಳಾಪಟ್ಟಿ ಹಾಕುವಾಗ ಕಡ್ಡಾಯ ಪತ್ರಿಕೆಗಳನ್ನು ಹನ್ನೊಂದರಿಂದ ಮೂರರ ನಡುವೆ ಇಟ್ಟು, ಸೆಮಿನಾರು, ಗ್ರಂಥಾಲಯದ ಅವಧಿಗಳನ್ನು ಎರಡು ತುದಿಗೆ ತಳ್ಳುವ ವಿಭಾಗಗಳಲ್ಲಿ ಹಾಜರಾತಿ ತಾನಾಗಿ ಸುಧಾರಿಸುತ್ತದೆ. ಖರ್ಚಿಲ್ಲದ ಉಪಾಯ, ಮಾಡುವವರು ಕಡಿಮೆ.

ಕಲ್ಯಾಣ ಕರ್ನಾಟಕದ ಕ್ಯಾಂಪಸ್ಸುಗಳಲ್ಲಿ ವಿದ್ಯಾರ್ಥಿವರ್ಗದ ರೂಪವನ್ನು ಸಂವಿಧಾನವೇ ತಿದ್ದಿದೆ. ಅದರ 371(ಜೆ) ವಿಧಿಯ ಪ್ರಕಾರ ಆ ಭಾಗದ ಸಂಸ್ಥೆಗಳಲ್ಲಿ ಶೇ. 70 ಸೀಟು ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಹೀಗಾಗಿ ಯರಗೇರಾ, ಹಾಲಹಳ್ಳಿಯ ತರಗತಿಗಳಲ್ಲಿ ಸುತ್ತಲಿನ ತಾಲ್ಲೂಕುಗಳ ಮುಖಗಳೇ. ಇದರ ಫಲ ಪಡೆಯಲು ಅರ್ಹತಾ ಪ್ರಮಾಣಪತ್ರ ಬೇಕು, ಅದನ್ನು ಕೊಡುವವರು ಉಪವಿಭಾಗಾಧಿಕಾರಿ. ಪ್ರವೇಶದ ಅರ್ಜಿ ಹಾಕಿದ ಮೇಲೆ ಅದರ ಬೆನ್ನು ಹತ್ತಿದವರು ಕೌನ್ಸೆಲಿಂಗ್ ದಿನ ಸಾಮಾನ್ಯ ವರ್ಗದಲ್ಲಿ ನಿಂತಿರುತ್ತಾರೆ. ಪದವಿಯ ಕೊನೆಯ ಸೆಮಿಸ್ಟರಿನಲ್ಲೇ ಮಾಡಿಸಿಟ್ಟುಕೊಳ್ಳಬೇಕಾದ ಕಾಗದ ಅದು.

ಕಾಗದದ ಮಾತು ಬಂದಾಗ ವಿದ್ಯಾರ್ಥಿವೇತನವನ್ನು ಬಿಡುವ ಹಾಗಿಲ್ಲ, ಏಕೆಂದರೆ ಇಲ್ಲಿನ ಹೆಚ್ಚಿನವರು ಅದರ ಮೇಲೇ ನಿಂತವರು. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ ತಿರಸ್ಕೃತವಾಗುವುದಕ್ಕೆ ಕಾರಣ ಸಾಮಾನ್ಯವಾಗಿ ದೊಡ್ಡದೇನಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ಲು ಹಿಂದೆ, ಆಧಾರಿನಲ್ಲಿ ಮುಂದೆ. ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅವಧಿ ಮುಗಿದಿರುತ್ತದೆ. ಕಾಲೇಜಿನ ನೋಂದಣಿ ಸಂಖ್ಯೆ ತಡವಾಗಿ ಬಂದು, ಅರ್ಜಿಯಲ್ಲಿ ತಾತ್ಕಾಲಿಕ ಸಂಖ್ಯೆ ಉಳಿದಿರುತ್ತದೆ. ಮಂಜೂರಾದರೂ ಹಣ ಬರದಿದ್ದರೆ ನೋಡಬೇಕಾದ್ದು ಎನ್‌ಪಿಸಿಐ ಜೋಡಣೆ: ದುಡ್ಡು ಬೀಳುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅದಕ್ಕೆ. ಅದು ಪ್ರೈಮರಿ ಶಾಲೆಯಲ್ಲಿ ತೆರೆದು ಮರೆತುಹೋದ ಖಾತೆಯಾಗಿದ್ದರೆ ಹಣ ಅಲ್ಲೇ ನಿದ್ದೆ ಹೊಡೆಯುತ್ತಿರುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ ಯೋಜನೆ ಊಟ ವಸತಿಗೆಂದು ವರ್ಷಕ್ಕೆ ಹತ್ತು ತಿಂಗಳು ಒಂದಿಷ್ಟು ಹಣ ಕೊಡುತ್ತದೆ. ಊರಾಚೆಯ ಕ್ಯಾಂಪಸ್ಸಿನ ಸುತ್ತ ಬಾಡಿಗೆ ಕೋಣೆಗಳೇ ಇರದ ಕಡೆ ಆ ಹಣ ಇಟ್ಟುಕೊಂಡು ಮಾಡುವುದೇನು ಎಂಬುದು ಬೇರೆ ಪ್ರಶ್ನೆ.

ಹಾಸ್ಟೆಲ್ ಇರುವಲ್ಲಿ ಮೆಸ್ಸು ನಡೆಯುವುದು ಬಹುತೇಕ ಡಿವೈಡಿಂಗ್ ಪದ್ಧತಿಯಲ್ಲಿ. ತಿಂಗಳ ಒಟ್ಟು ಖರ್ಚನ್ನು ಎಲ್ಲರೂ ಉಂಡ ದಿನಗಳ ಮೊತ್ತದಿಂದ ಭಾಗಿಸುವುದು. ಉದಾಹರಣೆಗೆ ನೂರು ಜನ, ಮೂವತ್ತು ದಿನ, ಅಂದರೆ 3,000 ಊಟದ ದಿನ. ರೇಷನ್ನು ತರಕಾರಿ 2,00,000 ರೂಪಾಯಿ, ಅಡುಗೆಯವರ ಸಂಬಳ, ಗ್ಯಾಸು, ಕರೆಂಟು 70,000 ಎಂದುಕೊಂಡರೆ ದಿನಕ್ಕೆ 90 ರೂಪಾಯಿ ಬೀಳುತ್ತದೆ. ದಸರೆ ದೀಪಾವಳಿಗೆ ಅರ್ಧ ಜನ ಊರಿಗೆ ಹೋದರೆ ಊಟದ ದಿನ 1,500ಕ್ಕೆ ಇಳಿಯುತ್ತದೆ, ರೇಷನ್ನೂ ಒಂದು ಲಕ್ಷಕ್ಕೆ ಇಳಿಯುತ್ತದೆ. ಎಪ್ಪತ್ತು ಸಾವಿರ ಮಾತ್ರ ಹಾಗೇ ನಿಂತಿರುತ್ತದೆ. 1,70,000ವನ್ನು 1,500ರಿಂದ ಭಾಗಿಸಿ ನೋಡಿ, ದಿನಕ್ಕೆ 113 ರೂಪಾಯಿ ದಾಟುತ್ತದೆ. ಊರಿಗೆ ಹೋಗಲು ಬಸ್ ಚಾರ್ಜು ಇಲ್ಲದೆ ಹಾಸ್ಟೆಲಿನಲ್ಲೇ ಉಳಿದವನು ಹೆಚ್ಚು ಕಟ್ಟುತ್ತಾನೆ. ಮೆಸ್ ಕಮಿಟಿಯಲ್ಲಿ ಪ್ರತಿ ವರ್ಷ ಜಗಳವಾಗುವುದು ಇದೇ ತಿಂಗಳ ಬಿಲ್ಲಿಗೆ, ಎಲ್ಲರೂ ಬೈಯುವುದು ಅಡುಗೆ ಭಟ್ಟನನ್ನು. ಸಿಬ್ಬಂದಿ ಖರ್ಚನ್ನು ಪ್ರತ್ಯೇಕಿಸಿ ಹಾಜರಿದ್ದರೂ ಇಲ್ಲದಿದ್ದರೂ ಎಲ್ಲರ ತಲೆಗೆ ಸಮನಾಗಿ ಹಾಕಿ, ರೇಷನ್ನನ್ನು ಮಾತ್ರ ಡಿವೈಡಿಂಗಿಗೆ ಬಿಟ್ಟರೆ ಈ ಅನ್ಯಾಯ ತಪ್ಪುತ್ತದೆ. ವಿದ್ಯಾರ್ಥಿವೇತನ ತಡವಾದ ವರ್ಷ ಮೆಸ್ ಬಾಕಿ ಬೆಳೆದು, ನೋ ಡ್ಯೂ ಸಿಗದೆ ಹಾಲ್ ಟಿಕೆಟ್ ನಿಂತು, ಪರೀಕ್ಷೆಯ ಹಿಂದಿನ ಸಂಜೆ ನಿರ್ದೇಶಕರ ಕೋಣೆಯ ಮುಂದೆ ಸಾಲು ಬೆಳೆಯುತ್ತದೆ. ಮುಚ್ಚಳಿಕೆ ಬರೆಸಿಕೊಂಡು ಬಿಡುವುದು ವಾಡಿಕೆ.

ಹುಡುಗರು ಬರುವುದೇ ಇಲ್ಲವೆಂದಲ್ಲ. ಬರುವವರಲ್ಲಿ ಒಂದು ದೊಡ್ಡ ಗುಂಪಿಗೆ ಎಂ.ಎ. ನೆಪ, ಹಾಸ್ಟೆಲ್ ಮತ್ತು ಓದುವ ಕೋಣೆ ಉದ್ದೇಶ. ಪಿಡಿಒ, ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಅವರ ಕಣ್ಣು ಬೇರೆ ಕಡೆ. ಇದನ್ನು ಕಂಡು ಮೂಗು ಮುರಿಯುವ ಪ್ರಾಧ್ಯಾಪಕರಿದ್ದಾರೆ. ಆದರೆ ಎರಡು ವರ್ಷ ತಲೆಮೇಲೆ ಸೂರು, ಹೊತ್ತಿಗೆ ಊಟ, ರಾತ್ರಿ ಹನ್ನೊಂದರ ತನಕ ಟ್ಯೂಬ್‌ಲೈಟು ಸಿಗುವ ಬೇರೆ ಜಾಗ ಅವರಿಗೆಲ್ಲಿದೆ? ಗ್ರಂಥಾಲಯ ಐದಕ್ಕೆ ಬಾಗಿಲು ಹಾಕುತ್ತದೆ, ಹೊರಗಿನ ಪುಸ್ತಕ ಒಳಗೆ ತರುವಂತಿಲ್ಲ ಎನ್ನುತ್ತದೆ. ಒಂದು ಪ್ರತ್ಯೇಕ ಓದುವ ಕೋಣೆ, ಸ್ವಂತ ಪುಸ್ತಕ ತರಲು ಅನುಮತಿ, ಹೊರಗಿನಿಂದ ಬಾಗಿಲಿರುವ ಶೌಚಾಲಯ ಇಷ್ಟಿದ್ದರೆ ಮುಖ್ಯ ಕಟ್ಟಡಕ್ಕೆ ಬೀಗ ಹಾಕಿಯೂ ಇದನ್ನು ನಡೆಸಬಹುದು.

ಈಗ ಹುದ್ದೆಯ ಲೆಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕರಿಗೆ 14. ಒಂದು ಎಂ.ಎ. ವಿಭಾಗದಲ್ಲಿ ಸೆಮಿಸ್ಟರಿಗೆ ನಾಲ್ಕು ಗಂಟೆಯ ಐದು ಪತ್ರಿಕೆ ಎಂದರೆ 20 ಗಂಟೆ. ಎರಡು ಬ್ಯಾಚು ಒಟ್ಟಿಗೆ ನಡೆಯುವುದರಿಂದ 40. ಅಂಕಗಣಿತದ ಪ್ರಕಾರ ಮೂರು ಜನ ಸಾಕು. ಆದರೆ ಕನ್ನಡ ಎಂ.ಎ.ಯಲ್ಲಿ ಹಳಗನ್ನಡ, ಛಂದಸ್ಸು, ಭಾಷಾವಿಜ್ಞಾನ, ಜಾನಪದ, ಆಧುನಿಕ ವಿಮರ್ಶೆ ಎಲ್ಲವನ್ನೂ ಮೂವರೇ ಹಂಚಿಕೊಂಡರೆ ಯಾವುದೋ ಒಂದು ಪತ್ರಿಕೆ ನೋಟ್ಸು ಓದಿಸುವುದಕ್ಕೆ ಇಳಿಯುತ್ತದೆ. ಅನೇಕ ಕೇಂದ್ರಗಳಲ್ಲಿ ಆ ಮೂವರೂ ಇಲ್ಲ. ಒಬ್ಬರು ಕಾಯಂ, ಉಳಿದವರು ಅತಿಥಿಗಳು. ಅತಿಥಿ ಉಪನ್ಯಾಸಕರ ನೇಮಕಕ್ಕೆ ಕಾರ್ಯಭಾರದ ಪಟ್ಟಿ ವಿಶ್ವವಿದ್ಯಾಲಯದ ಮುಖ್ಯ ಕಚೇರಿಗೆ ಹೋಗಬೇಕು, ಅಧಿಸೂಚನೆ ಬರಬೇಕು, ಮೀಸಲಾತಿಯ ರೋಸ್ಟರ್ ಆಗಬೇಕು, ಆದೇಶ ಬರಬೇಕು. ಹದಿನಾರು ವಾರದ ಸೆಮಿಸ್ಟರಿನಲ್ಲಿ ಐದಾರು ವಾರ ಅದರಲ್ಲೇ ಕರಗುತ್ತದೆ. ಮೊದಲ ಸೆಮಿಸ್ಟರಿನ ಫಲಿತಾಂಶ ಎಲ್ಲ ಕೇಂದ್ರಗಳಲ್ಲೂ ಏಕೆ ಸೊರಗಿರುತ್ತದೆ ಎಂದು ಕೇಳುವವರು ಆದೇಶದ ದಿನಾಂಕವನ್ನು ಒಮ್ಮೆ ನೋಡಬೇಕು.

ಇದೇ ಕಾರಣಕ್ಕೆ ಹೊಸ ಕೇಂದ್ರ ತೆರೆಯುವಾಗ ಕನ್ನಡ, ಅರ್ಥಶಾಸ್ತ್ರ, ಇತಿಹಾಸ, ಸಮಾಜಕಾರ್ಯ, ಎಂ.ಕಾಂ.ಗಳೇ ಮೊದಲು ಬರುತ್ತವೆ. ಕೋಣೆ, ಬೋರ್ಡು, ಬೆಂಚು ಇದ್ದರೆ ನಡೆಯುತ್ತವೆ, ಎಂ.ಕಾಂ. ಅಂತೂ ತುಂಬುತ್ತದೆ. ರಸಾಯನಶಾಸ್ತ್ರದ ಕತೆ ಹಾಗಲ್ಲ. ಹೊಗೆ ಎಳೆಯುವ ಫ್ಯೂಮ್ ಹುಡ್, ಗ್ಯಾಸ್ ಲೈನು, ರಾಸಾಯನಿಕಗಳಿಗೆ ಪ್ರತ್ಯೇಕ ಕೋಣೆ, ದಿನವೂ ಬಟ್ಟಿ ಇಳಿಸಿದ ನೀರು ಬೇಕು. ಬಯಲುಸೀಮೆಯ ಕ್ಯಾಂಪಸ್ಸಿಗೆ ಸಿಗುವುದು ಬೋರ್‌ವೆಲ್ಲಿನ ಗಡಸು ನೀರು. ಅದನ್ನು ನೇರ ಡಿಸ್ಟಿಲೇಷನ್ ಯೂನಿಟ್ಟಿಗೆ ಬಿಟ್ಟರೆ ಹೀಟರ್ ಕಾಯಿಲಿನ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ಶಾಖ ನೀರಿಗೆ ದಾಟದೆ ಕಾಯಿಲೇ ಕಾದು ಸುಟ್ಟುಹೋಗುತ್ತದೆ. ಮುಂದೆ ಒಂದು ಸಾಫ್ಟ್‌ನರ್ ಕೂರಿಸಿ, ಅದರ ರೆಸಿನ್ನನ್ನು ಉಪ್ಪುನೀರಿನಲ್ಲಿ ತೊಳೆಯುತ್ತಿದ್ದು, ಕಾಯಿಲನ್ನು ಆಗಾಗ ಸಿಟ್ರಿಕ್ ಆಮ್ಲದಲ್ಲಿ ಶುಚಿ ಮಾಡಿದರೆ ಯೂನಿಟ್ಟು ವರ್ಷಗಟ್ಟಲೆ ಬರುತ್ತದೆ. ಮಾಡಬೇಕಾದವನು ಲ್ಯಾಬ್ ಅಟೆಂಡರ್, ಅವನ ಹುದ್ದೆ ಖಾಲಿ. ಸುಟ್ಟ ಕಾಯಿಲು ಬದಲಿಸಲು ಕೇಂದ್ರದ ನಿರ್ದೇಶಕರಿಗೆ ಸ್ವಂತ ಆರ್ಥಿಕ ಅಧಿಕಾರ ಅತ್ಯಲ್ಪ. ಮೂರು ಕೊಟೇಶನ್, ಎಂಜಿನಿಯರಿಂಗ್ ವಿಭಾಗ, ಹಣಕಾಸು ಅಧಿಕಾರಿ, ಕುಲಸಚಿವರು ಎಂದು ಕಡತ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಮುಗಿದಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಕೆಲವು ಕೇಂದ್ರಗಳು ಮಾತ್ರ ಮಾತೃ ವಿಶ್ವವಿದ್ಯಾಲಯದ ನಕಲಾಗದೆ ನೆಲಕ್ಕೆ ತಕ್ಕ ವಿಷಯ ಹಿಡಿದವು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ, ಕಾಳಿ ನದಿ ಸಮುದ್ರ ಸೇರುವ ಜಾಗಕ್ಕೆ ಅಂಟಿಕೊಂಡು. ಧಾರವಾಡದಲ್ಲಿ ಅದನ್ನು ಕಲಿಸಲು ಸಾಧ್ಯವೇ ಇಲ್ಲ. ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಅದಿರಿನ ಗುಡ್ಡಗಳ ಮಧ್ಯೆ ಖನಿಜ ಸಂಸ್ಕರಣೆ ವಿಭಾಗ ಬಂತು. ಇಂಥಲ್ಲಿ ದೂರವೇ ಆಕರ್ಷಣೆ, ಹೊರ ಜಿಲ್ಲೆಯವರೂ ಹುಡುಕಿಕೊಂಡು ಬರುತ್ತಾರೆ. ಉಳಿದ ಕಡೆ ಅದೇ ಐದು ವಿಷಯ, ಮೂವತ್ತು ಕಿಲೋಮೀಟರಿಗೊಂದರಂತೆ.

ಹಾಗಾದರೆ ಕೇಂದ್ರವನ್ನು ವಿಶ್ವವಿದ್ಯಾಲಯ ಮಾಡಿಬಿಟ್ಟರೆ ಸರಿಹೋಗುತ್ತದೆಯೇ? ಒಂದು ಲಾಭ ಖಂಡಿತ ಇದೆ. ಅಂಕಪಟ್ಟಿಯ ಒಂದಕ್ಷರ ತಿದ್ದಿಸಲು ಬೀದರಿನವರು ಕಲಬುರಗಿಗೆ ಹೋಗುವುದು ತಪ್ಪುತ್ತದೆ, ಕಡತ ಅಲ್ಲೇ ಮುಗಿಯುತ್ತದೆ. ಉಳಿದದ್ದೆಲ್ಲ ಕೂಡುಕುಟುಂಬದ ಪಾಲಿನ ಹಾಗೆ: ಹೊಲ ಹಂಚಿಹೋಗುತ್ತದೆ, ಸಾಲವೂ ವಯಸ್ಸಾದವರೂ ಹಿರಿಮನೆಯಲ್ಲೇ ಉಳಿಯುತ್ತಾರೆ. ರಾಜ್ಯ ವಿಶ್ವವಿದ್ಯಾಲಯದ ಸ್ವಂತ ಆದಾಯದ ಮುಖ್ಯ ಮೂಲ ಸಂಯೋಜಿತ ಕಾಲೇಜುಗಳ ಸಂಯೋಜನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ. ಜಿಲ್ಲೆಯೊಂದು ಬೇರೆಯಾದಾಗ ಆ ಕಾಲೇಜುಗಳು ಹೋಗುತ್ತವೆ, ನಿವೃತ್ತರ ಪಿಂಚಣಿ ಹಳೆಯ ಕಡೆಯೇ ಉಳಿಯುತ್ತದೆ. ಹೊಸ ಕಡೆಗೆ ಹುದ್ದೆಗಳು ಬರಬೇಕು, ಯುಜಿಸಿ ಕಾಯ್ದೆಯ 12(ಬಿ) ಮಾನ್ಯತೆ ಬರಬೇಕು. ಅದು ಬರುವತನಕ ಕೇಂದ್ರ ಸರ್ಕಾರದ ಅನುದಾನಕ್ಕೆ ಕೈಚಾಚುವಂತಿಲ್ಲ. ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನಕ್ಕೂ ಆರು ವರ್ಷ ಆಗಿರಬೇಕು, ಇಲ್ಲವೇ ಎರಡು ಬ್ಯಾಚು ಹೊರಬಂದಿರಬೇಕು. ಹುದ್ದೆಯಿಲ್ಲದೆ ಮಾನ್ಯತೆಯಿಲ್ಲ, ಮಾನ್ಯತೆಯಿಲ್ಲದೆ ಹಣವಿಲ್ಲ, ಹಣವಿಲ್ಲದೆ ಹುದ್ದೆಯಿಲ್ಲ.

2023ರಲ್ಲಿ ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರ ಹೀಗೆ ಏಳು ವಿಶ್ವವಿದ್ಯಾಲಯಗಳು ಒಟ್ಟಿಗೆ ಬಂದವು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಈ ಏಳೂ ಸೇರಿದ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಬೀದರ್ ಬಿಟ್ಟು ಒಂಬತ್ತನ್ನು ಮುಚ್ಚುವ ಸಲಹೆ ಮಾಡಿದಾಗ ಜಿಲ್ಲೆಗಳಲ್ಲಿ ಪ್ರತಿಭಟನೆ ಎದ್ದಿತು. ಮೂರು ಕಾಯಂ ಹುದ್ದೆ, ಒಂದು ಹಾಸ್ಟೆಲು, ಸಂಜೆ ಐದೂವರೆಗೆ ಒಂದು ಬಸ್ಸು ಇರುವ ಪಿ.ಜಿ. ಸೆಂಟರು ಕುಲಪತಿಯೊಬ್ಬರೇ ಇರುವ ವಿಶ್ವವಿದ್ಯಾಲಯಕ್ಕಿಂತ ಎಷ್ಟೋ ಮೇಲು ಎಂಬುದು ಈ ಬರಹದ ಅಭಿಪ್ರಾಯ. ಆದರೆ ಒಮ್ಮೆ ಕೊಟ್ಟ ಬೋರ್ಡನ್ನು ಕಿತ್ತುಕೊಳ್ಳುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಇಂಥ ಹೊಯ್ದಾಟದ ನಡುವೆ ಓದುತ್ತಿರುವವರು ಗಮನಿಸಬೇಕಾದ್ದು ಒಂದಿದೆ. ವಿಶ್ವವಿದ್ಯಾಲಯ ಬೇರೆಯಾದಾಗ ಅಥವಾ ವಿಲೀನವಾದಾಗ ಆಗಲೇ ಪ್ರವೇಶ ಪಡೆದ ಬ್ಯಾಚಿನವರು ಸಾಮಾನ್ಯವಾಗಿ ಹಳೆಯ ವಿಶ್ವವಿದ್ಯಾಲಯದ ಹೆಸರಿನಲ್ಲೇ ಮುಗಿಸುತ್ತಾರೆ. ಉಳಿಸಿಕೊಂಡ ಪತ್ರಿಕೆಗಳಿಗೆ ಹಳೆಯ ಪಠ್ಯಕ್ರಮದಲ್ಲಿ ಪರೀಕ್ಷೆ ನಡೆಯುವುದು ಕೆಲವೇ ವರ್ಷ. ಹಾಗಾಗಿ ಬ್ಯಾಕ್‌ಲಾಗ್ ಇದ್ದವರು ಮುಂದಿನ ಅಧಿಸೂಚನೆಗೇ ಅರ್ಜಿ ಹಾಕಿ ಮುಗಿಸಿಕೊಳ್ಳಬೇಕು. ಅಂಕಪಟ್ಟಿ, ಪ್ರಾವಿಷನಲ್ ಸರ್ಟಿಫಿಕೇಟು, ಮೈಗ್ರೇಷನ್ ಈ ಮೂರನ್ನೂ ಫಲಿತಾಂಶ ಬಂದ ವರ್ಷವೇ ಕೈಗೆ ತೆಗೆದುಕೊಳ್ಳಬೇಕು. ಮೂರರಲ್ಲೂ ವಿಶ್ವವಿದ್ಯಾಲಯದ ಹೆಸರು, ನೋಂದಣಿ ಸಂಖ್ಯೆ ಒಂದೇ ಇದೆಯೇ ಎಂದು ಕೌಂಟರಿನಲ್ಲೇ ನಿಂತು ಓದಿ ನೋಡಬೇಕು. ನೇಮಕಾತಿಯ ದಾಖಲೆ ಪರಿಶೀಲನೆಯ ದಿನ ವ್ಯತ್ಯಾಸ ಸಿಕ್ಕಿದರೆ ಅದನ್ನು ತಿದ್ದುವ ಕಚೇರಿ ಯಾವುದೆಂಬುದಕ್ಕೆ ಹಳೆಯವರು ಹೊಸಬರತ್ತ, ಹೊಸಬರು ಹಳೆಯವರತ್ತ ಕೈ ತೋರಿಸುತ್ತಾರೆ.